ದೇವರಿಗೆ ಬರೆದ ಓಲೆಗಳೂ ನಮ್ಮ ಬೀಸುವ ಕಲ್ಲೂ

ನವೆಂಬರ್ ತಿಂಗಳು ಸಮೀಪಿಸಿತೆಂದರೆ ಈ ವರ್ಷ ಯಾವ ನಾಟಕವೆಂಬ ಮಾತು ನಮ್ಮ ಸಂಘದಲ್ಲಿ ಮೊದಲಾಗುತ್ತದೆ. ಜಹೀರಾಬಾದಿನವರು ಒಂದನ್ನು ಹೇಳಿದರೆ ನಾರಾಯಣಖೇಡದವರು ಮತ್ತೊಂದನ್ನು ಹೇಳುವರು. ತಾಂಡೂರಿನವರು ಎರಡೂ ಬೇಡವೆನ್ನುವರು. ಕೊನೆಗೆ ಹಿಂದಿನ ವರ್ಷದ ಸಾಮಾಜಿಕ ನಾಟಕವೇ ಹೊಸ ಹೆಸರು ತೊಟ್ಟು ರಂಗವನ್ನೇರುವುದು, ಇಲ್ಲವೆ ವಚನಗಾಯನದಲ್ಲಿ ಕಾರ್ಯಕ್ರಮ ಮುಗಿಯುವುದು ವಾಡಿಕೆ. ಕಳೆದ ವರ್ಷ ಮಾತ್ರ ಹಾಗಾಗಲಿಲ್ಲ. ಆಗ ನಡೆದುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದು ಈ ಬರಹಕ್ಕೆ ತೊಡಗಿದ್ದೇವೆ. ಇದರಲ್ಲಿ ನಮಗೆ ಕೀರ್ತಿ ತರುವ ಸಂಗತಿಗಳು ಕಡಮೆ.

ನವೆಂಬರ್ ಒಂದನೆಯ ತಾರೀಖು ನಮ್ಮ ಪಾಲಿಗೆ ಸರಳವಾದ ಹಬ್ಬವಲ್ಲ. 1956ರ ಆ ದಿನ ಹೈದರಾಬಾದು ರಾಜ್ಯ ಮೂರು ಪಾಲಾಯಿತು. ಬೀದರ ಜಿಲ್ಲೆಯ ಬಹುಭಾಗ ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಅದೇ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವಲಯವನ್ನುಳಿದ ಜಹೀರಾಬಾದ ತಾಲ್ಲೂಕು, ನ್ಯಾಲಕಲ್ ವಲಯ ಇವು ಆಂಧ್ರಪ್ರದೇಶಕ್ಕೆ ಹೋದವು. ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ತಾಲ್ಲೂಕುಗಳಿಗೂ ಅದೇ ದಾರಿಯಾಯಿತು. ಕನ್ನಡನಾಡು ಒಂದಾದ ದಿನವೇ ನಾವು ಹೊರಗುಳಿದ ದಿನ. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜಹೀರಾಬಾದು, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ಜಿಲ್ಲೆಯ ಹೆಸರು ಬದಲಾದಾಗಲೆಲ್ಲ ನಮ್ಮ ಸಂಘದ ಮೊಹರನ್ನು ಹೊಸದಾಗಿ ಮಾಡಿಸಬೇಕಾಯಿತೆಂಬುದನ್ನು ಬಿಟ್ಟರೆ ನಮ್ಮ ಕನ್ನಡಕ್ಕೆ ಅದರಿಂದ ವಿಶೇಷವೇನೂ ಆಗಲಿಲ್ಲ. ಅದು ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ, ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಯಲ್ಲಿ ತನ್ನ ಪಾಡಿಗೆ ತಾನು ಉಳಿದುಕೊಂಡು ಬಂದಿದೆ. ಶಾಲೆಯಲ್ಲಿ ಮಾತ್ರ ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ.

ಕಳೆದ ವರ್ಷದ ಸಭೆಯಲ್ಲಿ, ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತರುಣ ಸದಸ್ಯರೊಬ್ಬರು ಎದ್ದು ನಿಂತು, ಅಮೆರಿಕೆಯ ನೀಗ್ರೋ ಜನಾಂಗದ—ಈಗ ಕಪ್ಪು ಜನರೆಂದು ಹೇಳುವುದೇ ಗೌರವವೆಂದು ಅವರೇ ನಮ್ಮನ್ನು ತಿದ್ದಿದರು—ಒಂದು ಕಾದಂಬರಿ ಹಾಡಿನ ನಾಟಕವಾದ ಕಥೆಯನ್ನು ಹೇಳಿದರು. ಆಲಿಸ್ ವಾಕರ್ ಎಂಬ ಲೇಖಕಿಯ ‘ದಿ ಕಲರ್ ಪರ್ಪಲ್’ 1982ರಲ್ಲಿ ಪ್ರಕಟವಾದ ಗ್ರಂಥ. ಮರುವರ್ಷ ಅದಕ್ಕೆ ಪುಲಿಟ್ಜರ್ ಬಹುಮಾನ ಬಂದಿತು. ಕಾದಂಬರಿಗಾಗಿ ಆ ಬಹುಮಾನವನ್ನು ಪಡೆದ ಮೊದಲ ಕಪ್ಪು ಮಹಿಳೆ ಈಕೆ. ಗ್ರಂಥವೆಲ್ಲ ಓಲೆಗಳ ರೂಪದಲ್ಲಿದೆ. ಜಾರ್ಜಿಯಾ ಪ್ರಾಂತದ ಹಳ್ಳಿಯೊಂದರ ಸೀಲಿ ಎಂಬ ಹುಡುಗಿ, ತಂದೆಯೆನಿಸಿಕೊಂಡವನಿಂದಲೇ ಕೆಡುಕಿಗೆ ಒಳಗಾಗುತ್ತಾಳೆ. ಇದನ್ನು ದೇವರಿಗಲ್ಲದೆ ಮತ್ತಾರಿಗೂ ಹೇಳಕೂಡದೆಂಬ ಬೆದರಿಕೆ ಅವಳಿಗೆ ಬರುತ್ತದೆ. ಆಕೆ ಆ ಮಾತನ್ನು ಅಕ್ಷರಶಃ ಪಾಲಿಸಿ ದೇವರಿಗೇ ಓಲೆ ಬರೆಯುತ್ತ ಹೋಗುತ್ತಾಳೆ. ಮುಂದೆ ಕಟ್ಟಿಕೊಂಡ ಗಂಡನೂ ಹೊಡೆಯುವವನೇ. ಪ್ರೀತಿಯ ತಂಗಿ ನೆಟ್ಟಿ ಆಫ್ರಿಕೆಯಿಂದ ಬರೆದ ಓಲೆಗಳನ್ನು ಅವನು ವರ್ಷಗಟ್ಟಲೆ ಬಚ್ಚಿಡುತ್ತಾನೆ. ಶುಗ್ ಏವರಿ ಎಂಬ ಹಾಡುಗಾತಿಯ ಸ್ನೇಹದಿಂದ ಸೀಲಿ ತಲೆಯೆತ್ತಿ, ಷರಾಯಿಗಳನ್ನು ಹೊಲಿಯುವ ಕಸುಬು ಹಿಡಿದು, ತನ್ನ ಕಾಲ ಮೇಲೆ ತಾನು ನಿಲ್ಲುತ್ತಾಳೆ.

ಈ ಕಥೆ ಲೇಖಕಿಯ ಸ್ವಂತ ಪ್ರಾಂತದ ಅಟ್ಲಾಂಟಾ ನಗರದಲ್ಲಿ 2004ರಲ್ಲಿ ಮೊದಲು ಸಂಗೀತನಾಟಕವಾಗಿ ರಂಗಕ್ಕೆ ಬಂದಿತು. 2005ರ ಡಿಸೆಂಬರ್ ಒಂದರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆರಂಭವಾಗಿ 2008ರವರೆಗೆ 910 ಪ್ರಯೋಗಗಳನ್ನು ಕಂಡಿತು. ರಂಗಪಾಠವನ್ನು ಬರೆದವರು ಮಾರ್ಷಾ ನಾರ್ಮನ್. ಹಾಡುಗಳನ್ನು ಬ್ರೆಂಡಾ ರಸೆಲ್, ಆಲೀ ವಿಲಿಸ್, ಸ್ಟೀಫನ್ ಬ್ರೇ ಎಂಬ ಮೂವರು ಕೂಡಿ ಕಟ್ಟಿದರು. ಓಲೆ ಒಬ್ಬರ ಏಕಾಂತ. ಹಾಡು ಸಾವಿರ ಜನರ ಎದುರಿನದು. ಆ ಏಕಾಂತವನ್ನು ರಂಗಕ್ಕೆ ತರುವುದು ಹೇಗೆ? ಅದಕ್ಕೆ ಅವರು ಕಂಡುಕೊಂಡ ಉಪಾಯಗಳಲ್ಲಿ ಒಂದನ್ನು ನಮ್ಮ ತರುಣರು ವಿವರಿಸಿದಾಗ ನಾವು ಮುಗುಳ್ನಕ್ಕೆವು. ಚರ್ಚಿಗೆ ಹೋಗುವ ಮೂವರು ಹೆಂಗಸರು ಆಗಾಗ ಬಂದು ಊರಿನವರ ಸುದ್ದಿಯನ್ನೆಲ್ಲ ಆಡಿ, ಹಾಡಿ, ಕಥೆಯನ್ನು ಮುಂದಕ್ಕೆ ತಳ್ಳುವರಂತೆ. ನಮ್ಮ ದೊಡ್ಡಾಟದ ಹಿಮ್ಮೇಳಕ್ಕೂ ಬಾವಿಕಟ್ಟೆಯ ಹೆಂಗಸರಿಗೂ ಹುಟ್ಟಿದ ಮಕ್ಕಳೆಂದರೆ ಇವರೇ ಸರಿ! 2015ರಲ್ಲಿ ಜಾನ್ ಡಾಯ್ಲ್ ಎಂಬ ನಿರ್ದೇಶಕರು ಹಿಂದಿನ ವೈಭವದ ದೃಶ್ಯಸಜ್ಜನ್ನು ತೆಗೆದುಹಾಕಿ, ಹಲಗೆಯ ಗೋಡೆ ಮತ್ತು ಕೆಲವು ಕುರ್ಚಿಗಳನ್ನು ಮಾತ್ರ ಇಟ್ಟುಕೊಂಡು ಅದೇ ನಾಟಕವನ್ನು ಮತ್ತೆ ಆಡಿಸಿದರು. ಅದಕ್ಕೂ ದೊಡ್ಡ ಬಹುಮಾನಗಳು ಬಂದವು. ಕುರ್ಚಿಗಳೆಂದ ಕೂಡಲೆ ನಮ್ಮ ಖಜಾಂಚಿಗಳ ಮುಖ ಅರಳಿತು. ನಮ್ಮಲ್ಲಿ ಕುರ್ಚಿಗಳಿಗೆ ಕೊರತೆಯಿಲ್ಲ, ಕೂರುವವರಿಗೆ ಕೊರತೆ.

ಅಂತೂ ಅದನ್ನೇ ಕನ್ನಡಕ್ಕೆ ತರುವುದೆಂದು ಉತ್ಸಾಹದಿಂದ ಗೊತ್ತುಮಾಡಿದೆವು. ಕನ್ನಡದಲ್ಲಿ ಇಂಥ ಸಾಹಸಕ್ಕೆ ಮೇಲ್ಪಂಕ್ತಿಯೂ ಇದ್ದಿತು. ಕುವೆಂಪು ಅವರು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೆ. ವೈ. ನಾರಾಯಣಸ್ವಾಮಿಯವರು ರಂಗರೂಪಕ್ಕೆ ತಂದು, ಹಂಸಲೇಖ ಅವರು ಸಂಗೀತವನ್ನು ಕೂಡಿಸಿ, ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಆಡಿದುದನ್ನು ವಾಚಕರು ಬಲ್ಲರು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲಿಯೂ ಅದು ನಡೆಯಿತು. ನಮ್ಮಲ್ಲಿ ನಾಲ್ವರು ಅದನ್ನು ನೋಡಿಬಂದಿದ್ದೆವು. ಬಯಲಿನಲ್ಲಿ ಬೇರೆಬೇರೆ ರಂಗಸ್ಥಳಗಳು. ಒಂದರಿಂದ ಮತ್ತೊಂದಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕು. ರಾತ್ರಿ ಮೊದಲಾದ ಆಟ ಬೆಳಗಿನವರೆಗೆ ಸುಮಾರು ಒಂಬತ್ತು ಗಂಟೆ ಕಾಲ ಸಾಗುವುದು. ಚಳಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ನಮಗೆ, ಪುಟ ತಿರುವುವಾಗ ಸಣ್ಣ ಪಾತ್ರಗಳೆಂದು ದಾಟಿಹೋಗಿದ್ದ ಗುತ್ತಿ, ತಿಮ್ಮಿ, ಅವರ ನಾಯಿ ಹುಲಿಯ ಇವರೇ ಕಥೆಯ ನಡುಮಧ್ಯದಲ್ಲಿದ್ದವರೆಂದು ಅಂದು ತಿಳಿಯಿತು. ಹಾಡು ಮಾಡಬಲ್ಲ ಕೆಲಸ ಅದು. ಯಾರ ಬಾಯಿಗೆ ಹಾಡು ಬರುವುದೋ ಅವರು ಕಥೆಯಲ್ಲಿ ದೊಡ್ಡವರಾಗುವರು.

ಕೆಲಸಕ್ಕೆ ಕೈಹಾಕಿದ ಮೇಲೆ ತೊಡಕುಗಳು ಒಂದೊಂದಾಗಿ ತಲೆದೋರಿದವು. ಮೊದಲನೆಯದು ಹಕ್ಕಿನದು. ಬದುಕಿರುವ ಲೇಖಕಿಯ ಕೃತಿಯನ್ನು ಅನುಮತಿಯಿಲ್ಲದೆ ರಂಗಕ್ಕೆ ತರುವಂತಿಲ್ಲ. ಅನುಮತಿಗೆ ತೆರಬೇಕಾಗಬಹುದಾದ ಹಣ ನಮ್ಮ ಸಂಘದ ಮಟ್ಟದ್ದಲ್ಲ. ಆದುದರಿಂದ ಅದನ್ನು ಆಡುವುದು ಬೇಡ, ಗೆಳೆಯರ ನಡುವೆ ಓದಿ, ಎರಡು ಓಲೆಗಳಿಗೆ ರಾಗ ಹಾಕಿ, ನಾಟಕ ಕಟ್ಟುವ ಕ್ರಮವನ್ನು ಅಭ್ಯಾಸಕ್ಕಾಗಿ ಕಲಿಯೋಣವೆಂದುಕೊಂಡೆವು. ಆಗ ಎರಡನೆಯ ತೊಡಕು ಎದುರಾಯಿತು. ಸೀಲಿ ಬರೆಯುವುದು ಪಂಡಿತರ ಇಂಗ್ಲಿಷನ್ನಲ್ಲ, ಅಲ್ಲಿಯ ಕಪ್ಪು ಹಳ್ಳಿಗರ ಆಡುಮಾತನ್ನು. ನಾವಾದರೋ ಅದನ್ನು ‘ಹೇ ಜಗದೀಶ್ವರ’ ಎಂದು ಆರಂಭಿಸಿದೆವು! ತಾಂಡೂರಿನ ನಮ್ಮ ಹಾರ್ಮೋನಿಯಂ ಮಾಸ್ತರರು ಅದಕ್ಕೆ ಭೀಮಪಲಾಸಿಯನ್ನು ಹೊಂದಿಸಿ ಹಾಡಿದರು. ಇಂಪಾಗಿಯೇ ಇದ್ದಿತು. ಹಾಡು ಮುಗಿದ ಮೇಲೆ ತರುಣ ಸದಸ್ಯರು ತಲೆ ತಗ್ಗಿಸಿ, “ಸರ್, ಇದು ಏಕಾದಶಿಯ ಭಜನೆಯಾಯಿತು, ಹೊಡೆತ ತಿಂದ ಹುಡುಗಿಯ ಮಾತಾಗಲಿಲ್ಲ” ಎಂದರು. ಯಾರಿಗೂ ಉತ್ತರ ಹೊಳೆಯಲಿಲ್ಲ.

ನಮ್ಮ ದೋಷ ಎಲ್ಲಿಯದೆಂಬುದನ್ನು ಒಪ್ಪಿಕೊಂಡುಬಿಡುತ್ತೇವೆ. ಮನೆಯಲ್ಲಿ ನಾವೆಲ್ಲರೂ ಆಡುವುದು ಬೀದರ-ಕಲಬುರಗಿ ಕಡೆಯ ಕನ್ನಡವನ್ನು. ಅದರಲ್ಲಿ ತೆಲುಗಿನ ಎಳೆಯೂ ದಖನಿಯ ಎಳೆಯೂ ಹೊಸೆದುಕೊಂಡಿವೆ. ಸಂಘದ ವೇದಿಕೆಗೆ ಬಂದಕೂಡಲೆ ಅದನ್ನು ಚಪ್ಪಲಿಯ ಜೊತೆಗೆ ಬಾಗಿಲಲ್ಲಿ ಬಿಟ್ಟುಬರುತ್ತೇವೆ. ಗಡಿಯಾಚೆಯವರು ನಮ್ಮ ಕನ್ನಡವನ್ನು ಕೇಳಿ ನಕ್ಕಾರೆಂಬ ಭಯ ನಮ್ಮ ಹಿರಿಯರಿಂದ ಬಂದ ಆಸ್ತಿ. ದೇವನೂರ ಮಹಾದೇವ ಅವರು 1984ರಲ್ಲಿ ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ಆಡುನುಡಿಯಲ್ಲಿಯೇ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದದ್ದನ್ನು ನಾವು ಭಾಷಣಗಳಲ್ಲಿ ಕೊಂಡಾಡಿದ್ದುಂಟು, ನಮ್ಮ ಸೀಮೆಯ ನುಡಿಗೂ ಆ ಧೈರ್ಯ ಬರಬೇಕೆಂದು ಯೋಚಿಸಿದ್ದಿಲ್ಲ. ಇದೇ ಜಹೀರಾಬಾದಿನ ಮಗ್ಗುಲಲ್ಲಿ, ಮಾಚನೂರಿನಲ್ಲಿ, ದಲಿತ ಹೆಣ್ಣುಮಕ್ಕಳು 2008ರಲ್ಲಿ ಸಂಘಂ ರೇಡಿಯೋವನ್ನು ಆರಂಭಿಸಿ ಬೀಜ, ಬೆಳೆ, ಹಾಡುಗಳನ್ನು ತಮ್ಮ ಹಳ್ಳಿಯ ತೆಲುಗಿನಲ್ಲಿಯೇ ಬಿತ್ತರಿಸತೊಡಗಿದರು. ಅವರಿಗೆ ನಾಚಿಕೆಯಾಗದ್ದು ನಮಗೇಕೆ ಆಗಬೇಕು?

ಆಗ ನಮ್ಮ ಸದಸ್ಯರಾದ ಶಾಲಾಮಾಸ್ತರರೊಬ್ಬರು, ಝರಾಸಂಗಮದ ಕಡೆಯ ಒಂದು ಹಳ್ಳಿಯಲ್ಲಿ ಬೀಸುವ ಪದಗಳನ್ನು ಬಲ್ಲ ಮುದುಕಿಯೊಬ್ಬಳಿರುವಳೆಂದೂ, ಹೆಂಗಸಿನ ಸಂಕಟವನ್ನು ಹಾಡುವ ಧಾಟಿ ಬೇಕಾದರೆ ಆಕೆಯನ್ನು ಕೇಳಬೇಕೆಂದೂ ಸೂಚಿಸಿದರು. ಮುಂದಿನ ಆದಿತ್ಯವಾರ ಆಕೆ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಬಂದವಳು ಸಭಾಂಗಣದ ಹೊಸ್ತಿಲ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ ಕುಳಿತಳು. ನಮ್ಮ ಕಾರ್ಯದರ್ಶಿಗಳು, “ಅವ್ವಾ, ಒಳಗ ಬರ್ರಿ, ಮ್ಯಾಲ ಕುಂದರ್ರಿ” ಎಂದು ಕರೆದರು.

“ಇರ್ಲಿ ಬಿಡ್ರಿ ಸರಾ, ಇಲ್ಲೇ ಕುಂದರತೀನಿ. ಈ ಅಂಗಳ ನನಗ ಹೊಸಾದಲ್ಲ” ಎಂದಳು ಆಕೆ.

ಆ ಮಾತಿನ ಅರ್ಥ ನಮಗೆ ಆ ಕ್ಷಣದಲ್ಲಿ ಆಗಲಿಲ್ಲ. ಆ ರಾತ್ರಿ ಹಳೆಯ ನಡವಳಿಕೆಯ ಪುಸ್ತಕಗಳನ್ನೂ ಖರ್ಚಿನ ಲೆಕ್ಕಗಳನ್ನೂ ತೆಗೆದು ನೋಡಿದೆವು. ವೇದಿಕೆಯನ್ನೇರಿದ ಅತಿಥಿಗಳ ಹೆಸರುಗಳು ಪುಟಪುಟಗಳಲ್ಲಿಯೂ ಇವೆ. ಕೇರಿಯ ಹೆಣ್ಣುಮಗಳೊಬ್ಬಳು ಅಲ್ಲಿ ನಿಂತು ಮಾತನಾಡಿದ, ಹಾಡಿದ ದಾಖಲೆ ಒಂದೂ ಇಲ್ಲ. ಆದರೆ ಪ್ರತಿ ಉತ್ಸವದ ಖರ್ಚಿನ ಕೊನೆಯಲ್ಲಿ ಒಂದು ಸಾಲಿದೆ: ‘ಅಂಗಳ ಗುಡಿಸಿದ ಹೆಂಗಸಿಗೆ’. ಹೂವಿನ ಹಾರದವನಿಗೆ ಹೆಸರಿದೆ, ಧ್ವನಿವರ್ಧಕದವನಿಗೆ ಹೆಸರಿದೆ, ಈಕೆಗೆ ಹೆಸರಿಲ್ಲ. ನಾಡಿನ ಗಡಿ ನಮ್ಮನ್ನು ಹೊರಗಿಟ್ಟಿತೆಂದು ದಶಕಗಳ ಕಾಲ ದೂರುತ್ತ ಬಂದ ನಾವು, ನಮ್ಮದೇ ಹೊಸ್ತಿಲಿನಲ್ಲಿ ಒಂದು ಗಡಿಯನ್ನು ಕಾದುಕೊಂಡು ಬಂದಿದ್ದೆವು.

ಕಪ್ಪು ಜನರ ಕಥೆಯನ್ನು ನಾವು ಆರಿಸಿಕೊಂಡದ್ದು ಕೇವಲ ಹೊಸತನಕ್ಕಾಗಿ. ಅದಕ್ಕೂ ಈ ಮಣ್ಣಿಗೂ ಹಳೆಯ ನೆಂಟಸ್ತಿಕೆಯುಂಟೆಂಬುದು ನೆನಪಾದದ್ದು ಆ ಲೆಕ್ಕದ ಪುಸ್ತಕವನ್ನು ಮುಚ್ಚಿದ ಮೇಲೆ. ನಮ್ಮ ನೆರೆಯ ಮರಾಠಿಯಲ್ಲಿ ಜೋತಿಬಾ ಫುಲೆಯವರು 1873ರಲ್ಲಿಯೇ ತಮ್ಮ ‘ಗುಲಾಮಗಿರಿ’ಯನ್ನು, ಕಪ್ಪು ಜನರನ್ನು ದಾಸ್ಯದಿಂದ ಬಿಡಿಸಲು ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು. ಡಾಕ್ಟರ್ ಅಂಬೇಡ್ಕರರು 1946ರ ಸುಮಾರಿಗೆ ಅಲ್ಲಿಯ ಕಪ್ಪು ವಿದ್ವಾಂಸರಾದ ಡುಬಾಯ್ಸ್ ಅವರಿಗೆ ಪತ್ರ ಬರೆದು, ಎರಡು ಜನಾಂಗಗಳ ಸ್ಥಿತಿಯ ಸಾಮ್ಯವನ್ನು ಎತ್ತಿ ಹೇಳಿದ್ದರು. 1972ರಲ್ಲಿ ಮುಂಬಯಿಯ ದಲಿತ ತರುಣರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ತಮ್ಮ ಸಂಘಟನೆಗೆ ಇಟ್ಟುಕೊಂಡರು. ಇವೆಲ್ಲ ನಮಗೆ ಪುಸ್ತಕದಿಂದ ಗೊತ್ತಿದ್ದವು. ಹೊಸ್ತಿಲ ಮೇಲೆ ಕುಳಿತವಳನ್ನು ಕಂಡಾಗ ಗೊತ್ತಾಗಲಿಲ್ಲ.

ಮರುವಾರ ನಾವೇ ಆಕೆಯ ಹಳ್ಳಿಗೆ ಹೋದೆವು. ಕೇರಿಯಲ್ಲಿ ಆಕೆಯ ಮನೆಯ ಕಟ್ಟೆಯ ಮೇಲೆ ಕುಳಿತು, ಕೊಟ್ಟ ಚಹಾ ಕುಡಿದು, ಬಂದ ಕಾರಣವನ್ನು ಹೇಳಿದೆವು. ಅಮೆರಿಕದ ಸೀಲಿಯ ಕಥೆಯನ್ನು ತರುಣ ಸದಸ್ಯರು ನಮ್ಮ ಮನೆಮಾತಿನಲ್ಲಿಯೇ ಹೇಳಿದರು. ಆಕೆ ಎಲ್ಲವನ್ನೂ ಕೇಳಿದಳು. ಕಣ್ಣೀರಿನ ಭಾಗಗಳಲ್ಲಿ ಹೂಂಗುಟ್ಟುವುದನ್ನು ಬಿಟ್ಟು ಬೇರೇನೂ ಹೇಳಲಿಲ್ಲ. ಸೀಲಿ ಹೊಲಿಗೆಯ ಕೆಲಸ ಹಿಡಿದಳೆಂದಾಗ ಮಾತ್ರ ಮುಖವೆತ್ತಿದಳು.

“ಅಕಿ ದುಡದು ತಿಂದಳೇನ್ರಿ?”

“ಹೌದವ್ವಾ.”

“ಹಂಗಾರ ಅದನ್ನ ಹಾಡರಿ. ಬಡಸ್ಕೊಂಡದ್ದು ಎಲ್ಲಾರಿಗೂ ಗೊತ್ತದ. ಅದರ ಮುಂದ ಏನಾತು ಅಂಬೋದು ಯಾರೂ ಹಾಡಂಗಿಲ್ಲ.”

ದೇವರಿಗೆ ಓಲೆ ಬರೆಯುವ ವಿಚಾರ ಆಕೆಗೆ ವಿಚಿತ್ರವೆನಿಸಲಿಲ್ಲ. ಆಕೆ ಓದುಬರಹ ಕಲಿತವಳಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ನಸುಕಿನ ಜಾವಕ್ಕೆ ಎದ್ದು ಜೋಳ ಬೀಸುತ್ತಿದ್ದಾಗ, ಅತ್ತೆಯ ಮುಂದೆ ಆಡಲಾಗದ್ದನ್ನು, ತವರಿಗೆ ಹೇಳಿಕಳುಹಿಸಲಾಗದ್ದನ್ನು ಕಲ್ಲಿಗೆ ಹೇಳುತ್ತಿದ್ದಳಂತೆ. ಕಲ್ಲಿನ ಸಪ್ಪಳದಲ್ಲಿ ಮಾತು ಅಡಗುವುದರಿಂದ ಮನೆಯವರಿಗೆ ಹಾಡು ಕೇಳುವುದು, ಅರ್ಥ ಕೇಳುವುದಿಲ್ಲ! ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ತೋಳಿಗೆ ಸುಖವಾಯಿತು. ಹೇಳಿಕೊಳ್ಳುವ ಜಾಗ ಹೋಯಿತು ಎಂದಳು. ಸೀಲಿಯ ಓಲೆಗಳನ್ನು ಹಾಡಾಗಿಸಲು ನಾವು ಭೀಮಪಲಾಸಿಯನ್ನು ಹುಡುಕಿಕೊಂಡು ಹೋಗಿದ್ದೆವು. ಓಲೆಯೂ ಹಾಡೂ ಒಂದೇ ಆಗಿದ್ದ ಜಾಗ ನಮ್ಮೆಲ್ಲರ ಮನೆಯ ಮೂಲೆಯಲ್ಲಿಯೇ ಇದ್ದಿತು. ನಮ್ಮ ತಾಯಂದಿರೂ ಬೀಸಿದವರೇ. ಅವರು ಏನು ಹಾಡುತ್ತಿದ್ದರೆಂದು ನಮ್ಮಲ್ಲಿ ಒಬ್ಬರಿಗೂ ಹೇಳಲಾಗಲಿಲ್ಲ.

ಆಕೆ ಹಾಡಿದಳು. ಮೊಮ್ಮಗಳು ಮೊಣಕಾಲ ಮೇಲೆ ನೋಟುಪುಸ್ತಕವನ್ನಿಟ್ಟುಕೊಂಡು ಬರೆದುಕೊಳ್ಳುತ್ತಿದ್ದಳು. ಹತ್ತನೆಯ ತರಗತಿಯ ಆ ಹುಡುಗಿಯದು ಅಚ್ಚುಕಟ್ಟಾದ ಬರಹ. ಇಣುಕಿ ನೋಡಿದೆವು, ಅಕ್ಷರಗಳೆಲ್ಲ ತೆಲುಗು! ಆಕೆ ಕಲಿತದ್ದು ತೆಲುಗು ಶಾಲೆಯಲ್ಲಿ. ಕನ್ನಡವನ್ನು ಆಡಬಲ್ಲಳು, ಓದಲಾರಳು. ಎರಡು ಲಿಪಿಗಳೂ ಒಂದೇ ಬಳ್ಳಿಯ ಕಾಯಿಗಳಾದುದರಿಂದ ನಮಗೆ ಓದಲು ಕಷ್ಟವಾಗಲಿಲ್ಲ. ನಮ್ಮ ಅಧ್ಯಕ್ಷರು ಕನ್ನಡ ಲಿಪಿಗಾಗಿ ಅರ್ಜಿ ಬರೆಯುತ್ತ ಮುದುಕರಾದವರು. ಅವರು ಆ ಪುಟವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದು, “ಇರಲಿ, ಕನ್ನಡವೇ” ಎಂದು ಹಿಂದಿರುಗಿಸಿದರು. ಅವರ ದನಿ ಸ್ವಲ್ಪ ನಡುಗಿತು.

ನಾಟಕ ಸಿದ್ಧವಾಯಿತೆ ಎಂದು ವಾಚಕರು ಕೇಳಬಹುದು. ಅಮೆರಿಕದ ಕಥೆಯನ್ನು ನಾವು ಆಡಲಿಲ್ಲ. ಅದು ನಮ್ಮದಲ್ಲ, ಅನುಮತಿಯೂ ಇಲ್ಲ. ಅದರಿಂದ ಕಲಿತ ಪಾಠವನ್ನಷ್ಟೇ ಇಟ್ಟುಕೊಂಡು, ಬೀಸುವ ಪದಗಳನ್ನೇ ಪೋಣಿಸಿ, ಹಲಗೆಯ ಬಡಿತವನ್ನೂ ಮೊಹರಮಿನ ರಿವಾಯತ್ ಪದಗಳ ಧಾಟಿಯನ್ನೂ ಕೂಡಿಸಿ, ಒಂದು ಗಂಟೆಯ ಹಾಡುಗಥೆಯನ್ನು ಕಟ್ಟುತ್ತಿದ್ದೇವೆ. ಅದರಲ್ಲಿಯೂ ಜಗಳವಾಯಿತು. ಒಂದು ಪದದಲ್ಲಿ ಅತ್ತೆಯನ್ನು ಬೈಯುವ ಮಾತು ಒರಟಾಯಿತೆಂದು ನಮ್ಮ ಕಾರ್ಯದರ್ಶಿಗಳು ತಿದ್ದಿದ್ದರು. ಮುದುಕಿ ತಿದ್ದಿದ ಸಾಲನ್ನು ಕೇಳಿ, “ಇದು ನಿಮ್ಮ ಹಾಡು, ನೀವೇ ಹಾಡ್ರಿ” ಎಂದು ಎದ್ದು ಹೊರಟೇಬಿಟ್ಟಳು. ಎರಡು ವಾರ ಬರಲಿಲ್ಲ. ಅಮೆರಿಕದಲ್ಲಿಯೂ ಈ ವ್ಯಾಜ್ಯ ಹಳೆಯದು. 1925ರ ‘ಪೋರ್ಗಿ’ ಕಾದಂಬರಿ ಕಪ್ಪು ಜನರ ಬದುಕನ್ನು ಕುರಿತು ಬಿಳಿಯ ಲೇಖಕರು ಬರೆದದ್ದು; ಗರ್ಶ್ವಿನ್ ಅವರು ಅದನ್ನು 1935ರಲ್ಲಿ ಸಂಗೀತರೂಪಕ್ಕೆ ತಂದಂದಿನಿಂದ, ಅದು ನಮ್ಮ ಬದುಕೋ ನಿಮ್ಮ ಕಲ್ಪನೆಯೋ ಎಂದು ಕಪ್ಪು ಕಲಾವಿದರೇ ಕೇಳುತ್ತ ಬಂದಿದ್ದಾರೆ. ಆ ಪ್ರಶ್ನೆ ನಮ್ಮ ಸಭಾಂಗಣದ ಬಾಗಿಲನ್ನೂ ತಟ್ಟಿದಾಗ ನಾವು ಮಾಡಬೇಕಾದುದನ್ನು ಮಾಡಿದೆವು. ಕಾರ್ಯದರ್ಶಿಗಳು ಹಳ್ಳಿಗೆ ಹೋಗಿ ತಪ್ಪೊಪ್ಪಿಕೊಂಡು ಬಂದರು. ಬೈಗುಳ ತನ್ನ ಜಾಗಕ್ಕೆ ಮರಳಿತು. ಮುದುಕಿಯೂ ಮರಳಿದಳು, ಈಗ ಒಳಗೆ ಬಂದು ಕುರ್ಚಿಯ ಮೇಲೆಯೇ ಕೂರುತ್ತಾಳೆ. ನಮ್ಮ ಹಳೆಯ ಸದಸ್ಯರಿಬ್ಬರು ಅಂದಿನಿಂದ ಸಭೆಗೆ ಬರುವುದನ್ನು ಬಿಟ್ಟಿದ್ದಾರೆ. ಅವರು ಕಾರಣ ಹೇಳಲಿಲ್ಲ. ನಾವೂ ಕೇಳಲಿಲ್ಲ, ಕೇಳಬೇಕಾಗಿತ್ತೆಂದು ಈಗ ತೋರುತ್ತದೆ.

ಲೆಕ್ಕದ ಪುಸ್ತಕದಲ್ಲಿ ಈ ವರ್ಷದ ಬಾಬುಗಳನ್ನು ಬರೆಯುವಾಗ, ಹಾಡಿದವರ ಸಂಭಾವನೆಯ ಎದುರಿಗೆ ಆಕೆಯ ಪೂರ್ಣ ಹೆಸರನ್ನು ಬರೆಯಲಾಗಿದೆ. ಅಂಗಳ ಗುಡಿಸುವ ಕೆಲಸವನ್ನು ಸದಸ್ಯರು ಸರದಿಯ ಮೇಲೆ ಮಾಡುವುದೆಂದು ನಿರ್ಣಯವಾಗಿದೆ. ಮೊದಲ ಎರಡು ವಾರ ನಡೆಯಿತು, ಮೂರನೆಯ ವಾರ ಮರೆತಿತು. ಇದನ್ನೂ ಮುಚ್ಚಿಡುವುದಿಲ್ಲ.

ಅಭ್ಯಾಸ ಪ್ರತಿ ಆದಿತ್ಯವಾರ ಸಂಜೆ ನಡೆಯುತ್ತಿದೆ. ತಮ್ಮ ಮನೆಯಲ್ಲಿ ತಾಯಿ, ಅಜ್ಜಿ, ಅತ್ತೆಯಂದಿರು ಹಾಡುತ್ತಿದ್ದ ಬೀಸುವ ಪದಗಳು, ಕುಟ್ಟುವ ಪದಗಳು ನೆನಪಿರುವ ವಾಚಕರು ಅವನ್ನು ಬರೆದು ಕಳುಹಿಸಬೇಕೆಂದು ವಿನಂತಿ. ಕನ್ನಡವಾಗಲಿ, ತೆಲುಗಾಗಲಿ, ಉರ್ದುವಾಗಲಿ, ಯಾವ ಲಿಪಿಯಲ್ಲಿದ್ದರೂ ಅಡ್ಡಿಯಿಲ್ಲ. ಮಾತನ್ನು ಮಾತ್ರ ತಿದ್ದದೆ, ಅವರು ಹಾಡಿದಂತೆಯೇ ಬರೆಯಿರಿ; ಹಾಡಿದವರ ಹೆಸರನ್ನು ಮರೆಯದೆ ಮೇಲೆ ನಮೂದಿಸಿರಿ.